ಉಸಿರು ಕಟ್ಟಿಸುವ ಸಂಗೀತಶಿಕ್ಷಣ

ನಮ್ಮ ಮನೆಯ ಎದುರಿಗೆ ಒಂದು ಹುಡುಗಿ ಇದ್ದಾಳೆ. ಹದಿನಾಲ್ಕು ವರ್ಷ. ಹೆಸರು ಬೇಡ, ತಂದೆ ನನ್ನ ಸ್ನೇಹಿತರು. ಎರಡು ವರ್ಷಗಳಿಂದ ಪ್ರತಿದಿನ ಬೆಳಗಿನ ಆರು ಗಂಟೆಗೆ ಆಕೆ ಸರಳೆ, ಜಂಟಿಗಳನ್ನು ಸಾಧಿಸುತ್ತಿದ್ದುದನ್ನು ಕೇಳಿಕೊಂಡೇ ನಾನು ಕಾಫಿ ಕುಡಿಯುತ್ತಿದ್ದೆ. ನಿಜ ಹೇಳಬೇಕಾದರೆ ಮೊದಮೊದಲು ಅದರಿಂದ ಕಾಫಿಯ ರುಚಿಯೇನೂ ಹೆಚ್ಚುತ್ತಿರಲಿಲ್ಲ. ಆದರೆ ಬರಬರುತ್ತಾ ಧ್ವನಿ ತಿಳಿಯಾಯಿತು, ಷಡ್ಜ ನಿಂತಿತು, ಮಾಯಾಮಾಳವಗೌಳದ ರಿಷಭ ತನ್ನ ಜಾಗದಲ್ಲಿ ಕೂತಿತು. ಕಳೆದ ದಸರೆಯ ಹೊತ್ತಿಗೆ ಒಂದೆರಡು ವರ್ಣಗಳನ್ನು ಎರಡು ಕಾಲದಲ್ಲಿ ಹಾಡುವಷ್ಟಾಗಿದ್ದಳು. ಈಗ ನಾಲ್ಕು ತಿಂಗಳಿಂದ ಹಾಡು ನಿಂತಿದೆ. ಅದರ ಬದಲು ಎದುರು ಮನೆಯಿಂದ ಕಮ್ಮಾರನ ತಿದಿಯ ಸದ್ದು ಬರುತ್ತಿದೆ. ಬುಸ್, ಬುಸ್, ಬುಸ್. ಆಮೇಲೆ ದೀರ್ಘವಾದ ಒಂದು ‘ಸ್‌ಸ್‌ಸ್’. ಮೊದಲ ದಿನ ಕುಕ್ಕರಿನದಿರಬೇಕೆಂದುಕೊಂಡೆ.

ತರಕಾರಿ ತರಲು ಹೋದಾಗ ಸಿಕ್ಕ ಅವಳ ತಂದೆಯನ್ನು ಕೇಳಿದೆ: “ಏನು ಸಾರ್, ಮಗುವಿಗೆ ಮೈ ಸರಿಯಿಲ್ಲವೆ? ಹಾಡೇ ಕೇಳಿಸುವುದಿಲ್ಲ?”

“ಚೆನ್ನಾಗಿದ್ದಾಳೆ ಸಾರ್. ಶಿಬಿರಕ್ಕೆ ಸೇರಿಸಿದ್ದೆವಲ್ಲ, ಅಲ್ಲಿ ಆರು ತಿಂಗಳು ಹಾಡಲೇಬಾರದು ಅಂದಿದ್ದಾರೆ. ಮೊದಲು ಶ್ವಾಸ ಸಿದ್ಧವಾಗಬೇಕಂತೆ, ಆಮೇಲೆ ಸಂಗೀತವಂತೆ.”

“ಅವಳ ಪಾಠದ ಮೇಷ್ಟರು ಏನಂದರು?”

“ಅವರು ಹಳೇ ಕಾಲದವರು ಸಾರ್. ಅವರಿಗೆ ಸೈನ್ಸು ಗೊತ್ತಿಲ್ಲ.”

ಈ ಶಿಬಿರದ ಕೊನೆಯ ದಿನದ ಸಮಾರಂಭಕ್ಕೆ ನೆರೆಹೊರೆಯವರ ಜೊತೆ ನಾನೂ ಹೋಗಿದ್ದೆ. ಸಭಾಂಗಣದ ಕುರ್ಚಿಗಳನ್ನು ತೆಗೆಸಿ ಚಾಪೆ ಹಾಸಿದ್ದರು. ಎಂಬತ್ತು ತೊಂಬತ್ತು ಮಕ್ಕಳು ಅಂಗಾತ ಮಲಗಿದ್ದವು. ಪ್ರತಿಯೊಂದರ ಹೊಟ್ಟೆಯ ಮೇಲೂ ಒಂದು ಪುಸ್ತಕ. ಉಸಿರೆಳೆದರೆ ಪುಸ್ತಕ ಏಳಬೇಕು, ಬಿಟ್ಟರೆ ಇಳಿಯಬೇಕು. ಬಗ್ಗಿ ನೋಡಿದೆ, ಕೀರ್ತನೆಗಳ ಪುಸ್ತಕಗಳು! ಕೈಯಲ್ಲಿರಬೇಕಾದದ್ದು ಹೊಟ್ಟೆಯ ಮೇಲೇರಿದ ಈ ಅಪೂರ್ವ ದೃಶ್ಯವನ್ನು ತಂದೆತಾಯಿಗಳು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಬಳಿಕ ಪರೀಕ್ಷೆ. ಒಬ್ಬೊಬ್ಬರಾಗಿ ನಿಂತು ಹಲ್ಲು ಕಚ್ಚಿ ‘ಸ್’ ಎಂದು ಗಾಳಿ ಬಿಡುವುದು. ಸ್ಟಾಪ್‌ವಾಚ್ ಹಿಡಿದವರು ಸೆಕೆಂಡುಗಳನ್ನು ಬರೆದುಕೊಳ್ಳುವುದು. ಒಬ್ಬ ಹುಡುಗಿ ೩೧ ಸೆಕೆಂಡು ಬಿಟ್ಟಳು, ಚಪ್ಪಾಳೆಯಾಯಿತು. ನಮ್ಮ ಎದುರು ಮನೆಯವಳು ೧೪ಕ್ಕೇ ನಿಲ್ಲಿಸಿದಳು. ‘ಶ್ವಾಸ ಸಾಲದು’ ಎಂದು ಪ್ರಮಾಣಪತ್ರದಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟರು.

ಅನಂತರ ೩೧ ಸೆಕೆಂಡಿನ ಹುಡುಗಿಯಿಂದ ಪ್ರಾರ್ಥನೆ. ದೇವರ ಅಭಯಹಸ್ತದ ವರ್ಣನೆಯಿದ್ದ ಹಾಡು. ಮಗು ಹತ್ತು ದಿನ ಕಲಿತದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿತು: ಹೊಟ್ಟೆಯುಬ್ಬಿಸಿ ಗಾಳಿ ತುಂಬಿಕೊಂಡಿತು, ಮುಗಿಯುವವರೆಗೂ ಹಾಡಿತು, ‘ಅ’ ಎಂಬಲ್ಲಿಗೆ ಗಾಳಿ ಮುಗಿಯಿತು, ಮತ್ತೆ ಪೂರ್ತಿಯಾಗಿ ತುಂಬಿಕೊಂಡು ‘ಭಯಹಸ್ತ’ ಎಂದಿತು. ಅಭಯ ಕೊಡಬೇಕಾದ ದೇವರು ಭಯ ಕೊಟ್ಟ. ಸಭೆಯಲ್ಲಿದ್ದ ಯಾರೂ ಮುಖ ಸಿಂಡರಿಸಲಿಲ್ಲ. ಹತ್ತು ದಿನ, ದಿನಕ್ಕೆ ಎರಡು ಗಂಟೆ. ಇಷ್ಟರಲ್ಲಿ ಉಸಿರನ್ನು ಎಷ್ಟು ಸೇರು ತುಂಬಬೇಕೆಂದು ಹೇಳಿದವರಿದ್ದರು, ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿದವರು ಇರಲಿಲ್ಲ. ನನ್ನ ತಕರಾರಿನ ಮುಕ್ಕಾಲು ಪಾಲು ಇಷ್ಟೆ.

ಯೋಗಾಭ್ಯಾಸದ ಮೇಲೆ ನನಗೆ ದ್ವೇಷವಿದೆಯೆಂದು ಯಾರೂ ಭಾವಿಸಬಾರದು. ಮಾಡುವವರು ಮಾಡಲಿ, ನಿದ್ರೆ ಚೆನ್ನಾಗಿ ಬಂದೀತು, ಮನಸ್ಸು ಹಗುರಾದೀತು. ಆದರೆ ಪ್ರಾಣಾಯಾಮವೇ ಗಾನಕ್ಕೆ ಬುನಾದಿಯೆಂಬ ಮಾತು ಬೇರೆ. ಇದನ್ನು ಹೇಳುವವರು ಪ್ರಾಣಾಯಾಮವನ್ನೂ ಗಾನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಂತೆ ಕಾಣುವುದಿಲ್ಲ. ಶ್ವಾಸಪ್ರಶ್ವಾಸಗಳ ಗತಿಯನ್ನು ತಡೆಯುವುದೇ ಪ್ರಾಣಾಯಾಮವೆಂದು ಪತಂಜಲಿಗಳ ಲಕ್ಷಣ. ಯೋಗಿಯ ಗುರಿ ಕುಂಭಕ, ಉಸಿರು ನಿಲ್ಲಬೇಕು. ಸಾಂಪ್ರದಾಯಿಕವಾಗಿ ಹೇಳುವ ಪ್ರಮಾಣ ಪೂರಕ ಒಂದಾದರೆ ಕುಂಭಕ ನಾಲ್ಕು, ರೇಚಕ ಎರಡು. ಗಾಯಕನ ಲೆಕ್ಕವನ್ನು ನೋಡಿ: ಅರ್ಧ ಸೆಕೆಂಡಿನಲ್ಲಿ ಎಳೆದುಕೊಂಡ ಉಸಿರನ್ನು ಎಂಟು ಸೆಕೆಂಡು ಖರ್ಚು ಮಾಡಬೇಕು, ನಡುವೆ ನಿಲ್ಲಿಸುವಂತಿಲ್ಲ. ಪೂರಕ ಒಂದು, ಕುಂಭಕ ಸೊನ್ನೆ, ರೇಚಕ ಹದಿನಾರು! ಯೋಗಿ ಕೂಡಿಡುವವನು, ಗಾಯಕ ವೆಚ್ಚಮಾಡುವವನು. ಕುಂಭಕದ ಜೊತೆಗೆ ಜಾಲಂಧರ ಬಂಧವೆಂದು ಗದ್ದವನ್ನು ಎದೆಗೊತ್ತಿ ಕಂಠವನ್ನು ಬಿಗಿಯುವ ಕ್ರಮವೊಂದಿದೆ. ಕಂಠವನ್ನು ಬಿಗಿಯುವುದನ್ನು ಮರೆಯುವುದಕ್ಕೆ ಹಾಡುಗಾರನಿಗೆ ಹತ್ತು ವರ್ಷ ಬೇಕು; ಅದನ್ನು ಹತ್ತು ದಿನದಲ್ಲಿ ಕಲಿಸಿ ಕಳಿಸುತ್ತೇವೆಂದರೆ ಏನೆನ್ನೋಣ? ಹಠಯೋಗಪ್ರದೀಪಿಕೆಯೇ ಎಚ್ಚರಿಸುತ್ತದೆ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಪ್ರಾಣವನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು. ತೊಂಬತ್ತು ಹುಲಿಗಳನ್ನು ಒಂದೇ ಸಭಾಂಗಣದಲ್ಲಿ ಸಂಜೆ ಐದರಿಂದ ಏಳರವರೆಗೆ ಪಳಗಿಸುವ ಧೈರ್ಯ ಆ ಗ್ರಂಥಕಾರನಿಗೆ ಇರಲಿಲ್ಲವೆಂದು ತೋರುತ್ತದೆ.

ಶಿಬಿರದ ಕರಪತ್ರದಲ್ಲಿ ತ್ಯಾಗರಾಜರನ್ನೂ ಸಾಕ್ಷಿಗೆ ಕರೆದಿದ್ದರು. ‘ಮೋಕ್ಷಮು ಗಲದಾ’ ಎಂಬ ಸಾರಮತಿ ರಾಗದ ಕೃತಿಯಲ್ಲಿ ಪ್ರಾಣವೂ ಅಗ್ನಿಯೂ ಕೂಡಿ ನಾದ ಹುಟ್ಟುವುದೆಂಬ ಮಾತು ಬರುತ್ತದೆ, ನಿಜ. ಅದು ತ್ಯಾಗರಾಜರಿಗಿಂತ ಬಹು ಹಿಂದಿನಿಂದ ಬಂದ ಶಾಸ್ತ್ರದ ಮಾತು. ಆದರೆ ಪ್ರಾಣಕ್ಕೆ ಶಿಬಿರವಾದರೆ ಅಗ್ನಿಗೂ ಒಂದು ಶಿಬಿರ ಬೇಡವೆ? ಅದನ್ನು ಯಾರೂ ನಡೆಸಿದ್ದು ಕಾಣೆ. ಅದೇ ಕೃತಿ ಮುಖ್ಯವಾಗಿ ಕೇಳುವುದು ಭಕ್ತಿಯನ್ನು, ಸಂಗೀತಜ್ಞಾನವನ್ನು, ಪುಪ್ಪುಸದ ಅಳತೆಯನ್ನಲ್ಲ.

ಶಾಸ್ತ್ರವೇ ಬೇಕಾದರೆ ಹದಿಮೂರನೆಯ ಶತಮಾನದ ಶಾರ್ಙ್ಗದೇವನನ್ನು ಕೇಳಬಹುದು. ದೇವಗಿರಿಯ ಯಾದವರ ಆಶ್ರಯದಲ್ಲಿದ್ದವನು. ನಮ್ಮ ಎರಡು ಸಂಪ್ರದಾಯಗಳಿಗೂ ಮಾನ್ಯನಾದವನು. ‘ಸಂಗೀತರತ್ನಾಕರ’ದಲ್ಲಿ ಆತ ಗಾಯಕರ ಇಪ್ಪತ್ತೈದು ದೋಷಗಳನ್ನು ಪಟ್ಟಿಮಾಡಿದ್ದಾನೆ. ಓದಿದರೆ ಕಳೆದ ವಾರದ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಬರೆದಂತಿದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಹಾಡುವಾಗ ಮತ್ತೆ ಮತ್ತೆ ‘ಸೂ’ ಎಂದು ಸದ್ದು ಮಾಡುವವನು ಸೂತ್ಕಾರಿ. ಮುಖ, ಕೊರಳುಗಳ ನರ ಉಬ್ಬಿಸುವವನು ಝೋಂಬಕ. ಸೋರೆಬುರುಡೆಯ ಹಾಗೆ ಕೊರಳುಬ್ಬಿಸುವವನು ತುಂಬಕಿ. ಹತ್ತು ದಿನದ ಶಿಬಿರದಲ್ಲಿ ಈ ನಾಲ್ಕು ದೋಷಗಳಿಗೂ ಕ್ರಮವಾದ ಅಭ್ಯಾಸ ದೊರೆಯುತ್ತದೆಂಬುದನ್ನು ಕಣ್ಣಾರೆ ಕಂಡೆ. ಒಳ್ಳೆಯ ಗಾಯಕನ ಲಕ್ಷಣ ಹೇಳುವಾಗಲೋ ‘ಆಯತ್ತಕಂಠ’, ‘ಜಿತಶ್ರಮ’ ಎಂಬ ಮಾತುಗಳು ಬರುತ್ತವೆ: ಕಂಠ ಹಿಡಿತದಲ್ಲಿರುವವನು, ದಣಿವನ್ನು ಗೆದ್ದವನು. ದೊಡ್ಡ ಎದೆಯವನು ಎಂದಿಲ್ಲ.

“ಅವೆಲ್ಲ ಹಳೆಯ ಕಾಲದ್ದು, ನಮ್ಮದು ವಿಜ್ಞಾನ” ಎನ್ನುವವರಿದ್ದಾರೆ. ಸರಿ, ವಿಜ್ಞಾನದ ಲೆಕ್ಕವನ್ನೇ ಮಾಡೋಣ.

ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಸುಮಾರು ಅರ್ಧ ಲೀಟರು. ಶಕ್ತಿಯೆಲ್ಲ ಹಾಕಿ ಎಳೆದು, ಶಕ್ತಿಯೆಲ್ಲ ಹಾಕಿ ಬಿಟ್ಟರೆ ಆರೋಗ್ಯವಂತ ವಯಸ್ಕನಲ್ಲಿ ಮೂರರಿಂದ ಐದು ಲೀಟರಿನ ವ್ಯವಹಾರ. ಅದರ ಮೇಲೆ ಒಂದು ಲೀಟರಿಗೂ ಮಿಕ್ಕಿ ಗಾಳಿ ಏನು ಮಾಡಿದರೂ ಹೊರಕ್ಕೆ ಬರುವುದಿಲ್ಲ, ಒಳಗೇ ಉಳಿಯುತ್ತದೆ. ಇನ್ನು ಹಾಡುವಾಗ ಧ್ವನಿ ಶುದ್ಧವಾಗಿದ್ದರೆ ಸೆಕೆಂಡಿಗೆ ನೂರರಿಂದ ಇನ್ನೂರು ಮಿಲಿಲೀಟರು ಗಾಳಿ ಸಾಕು. ಮಧ್ಯಮಕಾಲದ ಆದಿತಾಳದ ಒಂದು ಆವರ್ತನ ಎಂಟು ಸೆಕೆಂಡೆಂದು ಇಟ್ಟುಕೊಳ್ಳಿ. ನೂರೈವತ್ತರಂತೆ ಎಂಟು ಸೆಕೆಂಡಿಗೆ ಒಂದೂಕಾಲು ಲೀಟರೂ ಆಗುವುದಿಲ್ಲ. ಪೂರ್ತಿ ಆವರ್ತನವನ್ನು ಒಂದೇ ಉಸಿರಿನಲ್ಲಿ ಹಾಡುವ ಸಂದರ್ಭವೂ ಅಪರೂಪ; ಸಾಹಿತ್ಯವೇ ನಡುವೆ ಎಡೆ ಕೊಡುತ್ತದೆ. ಹಾಗಿದ್ದ ಮೇಲೆ ಹದಿನಾಲ್ಕರ ಹುಡುಗಿಯ ಎದೆಯನ್ನು ಬಿಂದಿಗೆ ಮಾಡುವ ಅಗತ್ಯವೇನು ಬಂತು?

ಅಗತ್ಯವಿಲ್ಲವಷ್ಟೇ ಅಲ್ಲ, ತೊಂದರೆಯೂ ಉಂಟು. ಶ್ವಾಸಕೋಶ ರಬ್ಬರಿನ ಹಾಗೆ. ಅತಿಯಾಗಿ ಹಿಗ್ಗಿಸಿದರೆ ಅಷ್ಟೇ ರಭಸದಿಂದ ಕುಗ್ಗಲು ನೋಡುತ್ತದೆ. ಆ ರಭಸವನ್ನು ತಡೆಹಿಡಿದು ಸಣ್ಣಗೆ ಬಿಡುವ ಕೆಲಸ ಪಕ್ಕೆಲುಬಿನ ಸ್ನಾಯುಗಳದು. ಅಭ್ಯಾಸವಿಲ್ಲದ ಮಗುವಿಗೆ ಅದು ಸಾಧ್ಯವಾಗದೆ ಹೋದಾಗ ಗಂಟಲು ಆ ಕೆಲಸಕ್ಕೆ ನಿಲ್ಲುತ್ತದೆ. ಬಾಗಿಲಿಗೆ ಒರಗಿ ನಿಂತು ಗುಂಪನ್ನು ತಡೆಯುವವನ ಹಾಗೆ. ಸ್ವರ ಬಿಗಿಯುತ್ತದೆ. ‘ಗಂಟಲು ಹಿಡಿಯಿತು’ ಎಂದು ಮೆಣಸಿನ ಕಷಾಯ ಮಾಡಿಕೊಡುತ್ತೇವೆ.

‘ಹೊಟ್ಟೆಯಲ್ಲಿ ಗಾಳಿ ತುಂಬಿಸು’ ಎಂಬ ಮಾತಿನ ಕತೆಯೂ ಹೀಗೆಯೇ. ಹೊಟ್ಟೆಯಲ್ಲಿ ತುಂಬುವುದು ಗಾಳಿಯಲ್ಲ, ಅನ್ನ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ಪರದೆಯಿದೆ, ಬೋರಲು ಹಾಕಿದ ಬೋಗುಣಿಯ ಆಕಾರ. ಅದು ಕೆಳಕ್ಕಿಳಿದಾಗ ಕರುಳುಗಳಿಗೆ ಜಾಗ ಸಾಲದೆ ಹೊಟ್ಟೆ ಮುಂದಕ್ಕೆ ಬರುತ್ತದೆ. ಉಬ್ಬುವಿಕೆ ಪರಿಣಾಮವೇ ಹೊರತು ಕಾರಣವಲ್ಲ. ಕಾರಣವನ್ನು ಬಿಟ್ಟು ಪರಿಣಾಮವನ್ನು ಅಭ್ಯಾಸ ಮಾಡಿಸಿದರೆ ಮಕ್ಕಳು ಹೊಟ್ಟೆಯನ್ನು ಸ್ವತಂತ್ರವಾಗಿ ಮುಂದೂಡುವುದನ್ನು ಕಲಿಯುತ್ತಾರೆ, ಉಸಿರಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ. ಪುಸ್ತಕ ಏಳುತ್ತದೆ, ಚಪ್ಪಾಳೆ ಬೀಳುತ್ತದೆ. ಇನ್ನೂ ಒಂದು ಮಾತು: ವಪೆ ಉಸಿರನ್ನು ಒಳಕ್ಕೆ ಎಳೆಯುವ ಸ್ನಾಯು. ‘ವಪೆಯಿಂದ ತಳ್ಳಿ ಹಾಡು’ ಎಂದು ವೇದಿಕೆಯ ಮೇಲಿಂದ ಒಬ್ಬ ಮಹನೀಯರು ಉಪದೇಶಿಸಿದರು. ಏತದಿಂದ ನೀರೆತ್ತಬಹುದು, ಏತದಿಂದ ನೀರನ್ನು ಬಾವಿಗೆ ತಳ್ಳು ಎಂದಂತಾಯಿತು ಅದು.

ನಮ್ಮ ಎದುರು ಮನೆಯ ಹುಡುಗಿಯ ೧೪ ಸೆಕೆಂಡಿಗೆ ಈಗ ಬರುತ್ತೇನೆ. ಹಲ್ಲಿನ ಸಂದಿಯಿಂದ ಹೋಗುವ ಗಾಳಿಗೂ ಕಂಠದಿಂದ ಹೊರಡುವ ಧ್ವನಿಗೂ ಲೆಕ್ಕ ಬೇರೆ. ‘ಸ್’ ಎನ್ನುವಾಗ ಗಾಳಿಯನ್ನು ಅಳೆದು ಬಿಡುವುದು ನಾಲಗೆ, ಹಲ್ಲುಗಳು. ‘ಆ’ ಎನ್ನುವಾಗ ಅಳೆದು ಬಿಡುವುದು ಧ್ವನಿಪೆಟ್ಟಿಗೆಯೊಳಗಿನ ಎರಡು ಪುಟ್ಟ ತಂತುಗಳು. ಅವು ಸರಿಯಾಗಿ ಕೂಡಿದರೆ ಸ್ವಲ್ಪ ಗಾಳಿಯಲ್ಲಿ ಬಹಳ ಧ್ವನಿ. ಕೂಡದಿದ್ದರೆ ಐದು ಲೀಟರು ತುಂಬಿದರೂ ಅರ್ಧ ಗಾಳಿ ಸದ್ದಿಲ್ಲದೆ ಸೋರಿಹೋಗುತ್ತದೆ. ತೂತಿನ ಚೀಲದಲ್ಲಿ ಅಕ್ಕಿ ತರುವವನಿಗೆ ದೊಡ್ಡ ಚೀಲ ಕೊಡುವುದು ಪರಿಹಾರವಲ್ಲವಷ್ಟೆ. ಈ ಬೀಗ ಎಲ್ಲಿದೆಯೆಂಬುದನ್ನು ತೋರಿಸಿದವನು ವೈದ್ಯನಲ್ಲ, ಒಬ್ಬ ಸಂಗೀತದ ಮೇಷ್ಟರು. ಸ್ಪೇನಿನ ಮನೆತನದ ಮಾನ್ವೆಲ್ ಗಾರ್ಸಿಯಾ ೧೮೫೪ರಲ್ಲಿ ದಂತವೈದ್ಯರ ಸಣ್ಣ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳ ಚಲನೆಯನ್ನು ತಾನೇ ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕೊಟ್ಟ. ನೂರೊಂದು ವರ್ಷ ಬದುಕಿ ೧೯೦೬ರಲ್ಲಿ ತೀರಿಕೊಂಡ. (ಈ ಆಯುಸ್ಸಿನ ಸಂಗತಿಯನ್ನು ಶಿಬಿರದವರು ತಮ್ಮ ಪರವಾಗಿ ಬಳಸಿಕೊಳ್ಳಬಹುದೆಂಬ ಹೆದರಿಕೆ ನನಗಿದೆ.)

ಯೂರೋಪಿನವರು ಉಸಿರಿನ ಅಭ್ಯಾಸಕ್ಕೆ ಬಹಳ ಮಹತ್ವ ಕೊಡುತ್ತಾರಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಕೊಡುತ್ತಾರೆ, ಅವರಿಗೆ ಕಾರಣವಿದೆ. ಆಪೆರಾ ಗಾಯಕಿ ಅರುವತ್ತು ಎಪ್ಪತ್ತು ವಾದ್ಯಗಳ ಮೇಳವನ್ನು ದಾಟಿ, ಮೈಕಿಲ್ಲದೆ, ಮಹಡಿಯ ಕೊನೆಯ ಸಾಲಿನವನಿಗೆ ಕೇಳಿಸಬೇಕು. ನಮ್ಮ ಹುಡುಗಿಯ ಎದುರಿಗೆ ಇರುವುದು ಒಂದು ಪಿಟೀಲು, ಒಂದು ಮೃದಂಗ, ಮತ್ತು ಮೂಗಿಗೆ ತಾಗುವಷ್ಟು ಹತ್ತಿರ ಒಂದು ಮೈಕು. ಹಿಂದೆ ಕಂಪೆನಿ ನಾಟಕದ ನಟರು, ರಾತ್ರಿಯಿಡೀ ಬಯಲಲ್ಲಿ ಹಾಡುವ ಯಕ್ಷಗಾನದ ಭಾಗವತರು ಎದೆಯ ಬಲದಿಂದ ಮಾಡುತ್ತಿದ್ದ ಕೆಲಸವನ್ನು ಈಗ ವಿದ್ಯುತ್ತು ಮಾಡುತ್ತಿದೆ. ಆ ಬಲ ಬೇಕಾಗಿದ್ದಾಗ ಶಿಬಿರಗಳಿರಲಿಲ್ಲ. ಬೇಡವಾದ ಮೇಲೆ ಬಂದಿವೆ! ಅಷ್ಟೇ ಅಲ್ಲ, ಹತ್ತಿರದ ಮೈಕು ಉಸಿರೆಳೆಯುವ ‘ಸೂ’ಕಾರವನ್ನೂ ನಿಷ್ಪಕ್ಷಪಾತವಾಗಿ ಸಭೆಗೆ ತಲುಪಿಸುತ್ತದೆ. ಇಟಲಿಯ ಹಳೆಯ ಗುರುಗಳು ಮಾಡಿಸುತ್ತಿದ್ದ ಮುಖ್ಯ ಅಭ್ಯಾಸವಾದರೂ ಏನು? ಒಂದೇ ಸ್ವರವನ್ನು ಸಣ್ಣದಾಗಿ ಎತ್ತಿ, ತುಂಬಿಸಿ, ಮತ್ತೆ ಸಣ್ಣದಾಗಿಸಿ ಮುಗಿಸುವುದು. ಅದು ಹಾಡೇ, ವ್ಯಾಯಾಮವಲ್ಲ. ಪೋರ್ಪೊರಾ ಎಂಬ ಗುರು ತನ್ನ ಶಿಷ್ಯನಿಗೆ ಐದಾರು ವರ್ಷ ಒಂದೇ ಹಾಳೆಯ ಸ್ವರಾಭ್ಯಾಸ ಮಾಡಿಸಿ, ‘ಇನ್ನು ಹೋಗು, ನೀನು ದೊಡ್ಡ ಗಾಯಕನಾದೆ’ ಎಂದನಂತೆ. ಕತೆಯಿರಬಹುದು. ಆದರೆ ಕತೆಯಲ್ಲಿಯೂ ಅವನು ಮಲಗಿಸಿ ಪುಸ್ತಕ ಹೇರಲಿಲ್ಲ.

ನಮ್ಮಲ್ಲಿ ಇದು ಕತೆಯಲ್ಲ, ನಡೆದ ಸಂಗತಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಪಾಠ ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಗಂಗೂಬಾಯಿ ಹಾನಗಲ್ ಕಲಿತರು. ಗದುಗಿನ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. ತೋಡಿ, ಮುಲ್ತಾನಿ, ಪೂರಿಯಾ. ಈ ಕೆಲವೇ ರಾಗಗಳಲ್ಲಿ ವರ್ಷಗಳ ಸಾಧನೆ. ನಸುಕಿನಲ್ಲಿ ಮಂದ್ರದ ಷಡ್ಜ ಹಿಡಿದು ನಿಲ್ಲಿಸುವುದು, ಅಲ್ಲಿಂದ ಒಂದೊಂದೇ ಸ್ವರ ಮೇಲೇರುವುದು, ಒಂದೇ ಪಲಟವನ್ನು ನೂರು ಸಲ ತಿರುಗಿಸುವುದು. ಈ ಕೆಲಸದಲ್ಲಿ ಉಸಿರು ತಾನಾಗಿ ಬೆಳೆಯಿತು. ಬೆಳೆದ ಉಸಿರು ಎಂಥದೆಂಬುದನ್ನು ಭೀಮಸೇನರ ತಾನುಗಳನ್ನು ಕೇಳಿದವರಿಗೆ ಹೇಳಬೇಕಾಗಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಒಂದು ಸ್ವರವಾಕ್ಯದ ತುದಿಗೆ ಇನ್ನೊಂದನ್ನು ಹೊಸೆದು, ಇನ್ನೇನು ಮುಗಿಯಿತೆನ್ನುವಲ್ಲಿ ಮತ್ತೊಂದು ತಿರುವು ತೆಗೆದು ಸಮಕ್ಕೆ ಬರುತ್ತಿದ್ದಾಗ ಕೇಳುವವರೇ ಉಸಿರು ಹಿಡಿದು ಕೂಡುತ್ತಿದ್ದರು. ಕುಂಭಕವೆಂದರೆ ಅದು, ಅದನ್ನು ಮಾಡಬೇಕಾದವರು ಶ್ರೋತೃಗಳು.

ಆದರೂ ದೀರ್ಘ ಉಸಿರೇ ದೊಡ್ಡ ಸಂಗೀತವೆಂದುಕೊಂಡರೆ ಕುಮಾರ ಗಂಧರ್ವರನ್ನು ಎಲ್ಲಿ ಕೂರಿಸುವಿರಿ? ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ, ಬಾಲಕನಾಗಿದ್ದಾಗಲೇ ದೇಶವನ್ನು ಬೆರಗುಗೊಳಿಸಿದವರು. ೧೯೪೦ರ ದಶಕದ ಕೊನೆಯಲ್ಲಿ ಕ್ಷಯ ಹಿಡಿಯಿತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೊಮೈಸಿನ್ ಬಂದು ಜೀವ ಉಳಿಯಿತು, ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಾಯಿತು. ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ಅವರು ಮತ್ತೆ ವೇದಿಕೆಗೆ ಬಂದಾಗ ಹಿಂದಿನ ಉಸಿರು ಇರಲಿಲ್ಲ. ಇದ್ದ ಉಸಿರಿಗೆ ತಕ್ಕ ಹಾಡು ಬಂತು: ಸಣ್ಣ ಸಣ್ಣ ಸ್ವರಗುಚ್ಛಗಳು, ನಡುವೆ ತುಂಬಿ ನಿಂತ ಮೌನ, ಮಿಂಚಿನ ಹಾಗೆ ಎದ್ದು ಅಡಗುವ ತಾರಸ್ಥಾಯಿ. ಕಬೀರನ ನಿರ್ಗುಣಪದಗಳಿಗೆ ಆ ಮೌನ ಎಷ್ಟು ಒಪ್ಪಿತೆಂದರೆ ಇಂದು ಎರಡೂ ಶ್ವಾಸಕೋಶ ಗಟ್ಟಿಯಿರುವ ತರುಣರು ಅವರ ಅರ್ಧ ಉಸಿರನ್ನು ಅನುಕರಿಸುತ್ತಾರೆ. ನಮ್ಮ ಶಿಬಿರಕ್ಕೆ ಅವರು ಬಂದಿದ್ದರೆ? ಹಲ್ಲು ಕಚ್ಚಿ ‘ಸ್’ ಎಂದಿದ್ದರೆ? ‘ಶ್ವಾಸ ಸಾಲದು.’

ನನಗೆ ಸಿಟ್ಟು ಬರುವುದು ಇಲ್ಲಿಯೇ. ಅಳತೆಗೋಲು ತಪ್ಪಾಗಿರುವುದು ದೊಡ್ಡದಲ್ಲ. ತಪ್ಪು ಗೋಲಿನಿಂದ ಅಳೆದು ಮಗುವಿಗೆ ‘ನಿನ್ನಿಂದಾಗದು’ ಎನ್ನುವುದು ದೊಡ್ಡದು. ಹದಿನಾಲ್ಕರ ವಯಸ್ಸು ಅಂಥ ಮಾತನ್ನು ಹಗುರವಾಗಿ ಮರೆಯುವ ವಯಸ್ಸಲ್ಲ.

ಇಷ್ಟಾದರೂ ಶಿಬಿರಗಳು ತುಂಬುತ್ತವೆ. ಏಕೆ? ಹಾಡನ್ನು ತೊಂಬತ್ತು ಮಂದಿಗೆ ಒಟ್ಟಿಗೆ ಕಲಿಸಲಾಗುವುದಿಲ್ಲ. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ‘ಗಾಂಧಾರ ಇಳಿಯಿತು, ಮತ್ತೆ ಹಾಡು’ ಎಂದು ತಿದ್ದಬೇಕು. ಅದಕ್ಕೆ ಕಿವಿಯುಳ್ಳ ಗುರು ಬೇಕು, ವರ್ಷಗಳು ಬೇಕು. ಉಸಿರನ್ನಾದರೆ ತೊಂಬತ್ತು ಮಂದಿ ಒಟ್ಟಿಗೆ ಬಿಡಬಹುದು. ಅಪಸ್ವರದ ಭಯವೇ ಇಲ್ಲ! ಸಭೆಯ ಕಾರ್ಯದರ್ಶಿಗಳಿಗೆ ಸಭಾಂಗಣ ತುಂಬಿದ ಸಂತೋಷ, ಶಿಕ್ಷಕರಿಗೆ ಗಂಟಲ ಶ್ರಮವಿಲ್ಲದ ಸಂಪಾದನೆ. ಇನ್ನು ನಾವು, ತಂದೆತಾಯಿಗಳು. ಕಲ್ಯಾಣಿಯಲ್ಲಿ ಮಗಳು ಎಷ್ಟು ಮುಂದೆ ಹೋಗಿದ್ದಾಳೆಂದು ನಮಗೆ ತಿಳಿಯುವುದಿಲ್ಲ. ೧೪ ಸೆಕೆಂಡು ೨೦ ಆದರೆ ತಿಳಿಯುತ್ತದೆ. ಅಂಕಪಟ್ಟಿಯಿಲ್ಲದ ವಿದ್ಯೆಯನ್ನು ನಂಬುವ ಧೈರ್ಯ ನಮ್ಮಲ್ಲಿ ಇಲ್ಲವಾಗಿದೆ. ಸಂಗೀತಕ್ಕೂ ಒಂದು ಅಂಕಪಟ್ಟಿ ಕೊಡುವವರು ಸಿಕ್ಕಿದರೆ ಹಣ ಎಣಿಸಿಬಿಡುತ್ತೇವೆ. ನಾನೂ ಎಣಿಸಿದವನೇ, ನನ್ನ ಮಗನ ಕಾಲದಲ್ಲಿ ಅದು ಬೇರೆ ವಿದ್ಯೆಯಾಗಿತ್ತು.

ಹಾಗಾದರೆ ಉಸಿರಿನ ಬಗ್ಗೆ ಹಾಡುಗಾರ ಕಲಿಯಬೇಕಾದದ್ದೇ ಇಲ್ಲವೇ? ಇದೆ, ಮತ್ತು ಅದಕ್ಕೆ ನಮ್ಮ ಕನ್ನಡದಲ್ಲೇ ಒಂದು ಒಳ್ಳೆಯ ಪಾಠಶಾಲೆಯಿದೆ. ಗಮಕವಾಚನ. ಭಾಮಿನೀ ಷಟ್ಪದಿಯ ಒಂದು ಪದ್ಯವನ್ನು ತೆಗೆದುಕೊಳ್ಳಿ. ಮೊದಲ ಎರಡು ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೆಯದಕ್ಕೆ ಒಮ್ಮೆಲೇ ಇಪ್ಪತ್ತಮೂರು. ಮತ್ತೆ ಎರಡು ಚಿಕ್ಕವು, ಮತ್ತೆ ಒಂದು ಉದ್ದದ್ದು. ಉಸಿರನ್ನು ಸಮಸಮವಾಗಿ ಹಂಚಿದವನು ಮೂರನೆಯ ಸಾಲಿನ ಕೊನೆಯಲ್ಲಿ ಬೀಳುತ್ತಾನೆ. ಅದೂ ಸಾಲದೆಂದು ಕುಮಾರವ್ಯಾಸ ಅನೇಕ ಕಡೆ ಅರ್ಥವನ್ನು ಸಾಲಿನ ತುದಿಯಲ್ಲಿ ನಿಲ್ಲಿಸದೆ ಮುಂದಿನ ಸಾಲಿಗೆ ಹರಿಯಬಿಡುತ್ತಾನೆ. ಛಂದಸ್ಸು ಇಲ್ಲಿ ನಿಲ್ಲೆನ್ನುತ್ತದೆ, ಅರ್ಥ ಮುಂದೆ ನಡೆಯೆನ್ನುತ್ತದೆ. ಗಮಕಿ ಇಬ್ಬರಿಗೂ ಸಮಾಧಾನವಾಗುವಂತೆ, ಯಾರಿಗೂ ಕಾಣದಂತೆ, ಒಂದು ಚಿಕ್ಕ ಉಸಿರನ್ನು ಕದಿಯಬೇಕು. ದ್ರೌಪದಿ ಸಭೆಯಲ್ಲಿ ಮೊರೆಯಿಡುವಲ್ಲಿ ಉಸಿರು ಎಲ್ಲಿ ಒಡೆಯಬೇಕೆಂಬುದನ್ನು ವಪೆ ಹೇಳಲಾರದು, ಪದ್ಯ ಹೇಳುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರಿನಲ್ಲಿ ಈ ವಿದ್ಯೆ ಮನೆಮಾತಾಗಿದೆ. ಸಂಗೀತದ ಮಕ್ಕಳಿಗೆ ವಾರಕ್ಕೊಮ್ಮೆ ನಾಲ್ಕು ಷಟ್ಪದಿ ಓದಿಸಿದರೆ ಅವರು ಅಭಯವನ್ನು ಭಯವಾಗಿಸುವುದಿಲ್ಲ, ಕಮಲನಯನನನ್ನು ಒಡೆದು ‘ಮಲ’ನಯನನನ್ನಾಗಿ ಮಾಡುವುದಿಲ್ಲ.

ಇದರ ಜೊತೆಗೆ ಒಂದೆರಡು ಸಣ್ಣ ಸಂಗತಿಗಳು. ಈಗಿನ ಮಕ್ಕಳ ಶ್ರುತಿಯೂ ಸಾಹಿತ್ಯವೂ ಮೊಬೈಲಿನಲ್ಲಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿ ಹಾಡುತ್ತಾರೆ. ಬಾಗಿದ ಬೆನ್ನು ಹೊಟ್ಟೆಯನ್ನು ಒತ್ತುತ್ತದೆ, ಒತ್ತಿದ ಹೊಟ್ಟೆ ವಪೆಯನ್ನು ಇಳಿಯಗೊಡುವುದಿಲ್ಲ. ಫೋನನ್ನು ಎದುರಿಗೆ ಒಂದು ಮಣೆಯ ಮೇಲಿಟ್ಟರೆ ಸಾಕು. ಹತ್ತು ದಿನದ ಶಿಬಿರದ ಲಾಭ ಕೈಗೂಡುತ್ತದೆ, ಶುಲ್ಕವಿಲ್ಲದೆ. ಬಾಯಿಮುಚ್ಚಿ ‘ಮ್’ಕಾರದಲ್ಲಿ ಸ್ವರ ಹಿಡಿಯುವುದು ಒಳ್ಳೆಯದು, ಸಣ್ಣ ಕೊಳವೆಯನ್ನು ತುಟಿಯಲ್ಲಿಟ್ಟು ಅದರ ಮೂಲಕ ಸ್ವರ ಹಾಡುವುದರಿಂದ ತಂತುಗಳ ಮೇಲಿನ ಭಾರ ಕಡಮೆಯಾಗುತ್ತದೆಂದು ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟೀಟ್ಸ್ ತೋರಿಸಿದ್ದಾರೆ. ಇವುಗಳಿಗೆ ನನ್ನ ವಿರೋಧವಿಲ್ಲ. ಗಮನಿಸಬೇಕಾದದ್ದೆಂದರೆ ಇವೆರಡರಲ್ಲೂ ಧ್ವನಿಯಿದೆ. ಧ್ವನಿಯಿಲ್ಲದ ಉಸಿರಿನಿಂದ ಧ್ವನಿಯನ್ನು ಕಲಿಸುವ ಪ್ರಯತ್ನ ನೀರಿಗಿಳಿಸದೆ ಈಜು ಕಲಿಸಿದಂತೆ.

ಈ ವಿಚಾರ ಇನ್ನೊಂದು ದಿಕ್ಕಿನಿಂದಲೂ ಪರೀಕ್ಷೆಗೆ ಬಂದಿತು. ೨೦೨೦ರಲ್ಲಿ ಕೋವಿಡ್ ಜಾಡ್ಯದಿಂದ ಎದ್ದವರಲ್ಲಿ ಅನೇಕರಿಗೆ ತಿಂಗಳುಗಟ್ಟಲೆ ಏದುಸಿರು ಬಿಡಲಿಲ್ಲ. ಲಂಡನ್ನಿನಲ್ಲಿ ಇಂಗ್ಲಿಷ್ ನ್ಯಾಷನಲ್ ಆಪೆರಾದವರೂ ಇಂಪೀರಿಯಲ್ ಕಾಲೇಜಿನ ಆಸ್ಪತ್ರೆಯವರೂ ಸೇರಿ ಇಂಥವರಿಗಾಗಿ ಆರು ವಾರಗಳ ಒಂದು ಪಾಠಕ್ರಮ ಮಾಡಿದರು. ರೋಗಿಗಳು ಮನೆಯಲ್ಲೇ ಕೂತು, ಗಾಯಕರೊಬ್ಬರು ಪರದೆಯ ಮೇಲೆ ಹೇಳಿಕೊಟ್ಟ ಹಾಗೆ ಕಲಿಯಬೇಕು. ಅದರ ಜೀವಾಳ ಏನೆಂದು ಊಹಿಸುವಿರಿ? ಜೋಗುಳಗಳು, ತೊಟ್ಟಿಲ ಹಾಡುಗಳು. ೧೫೦ ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ೨೦೨೨ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು: ಮನಸ್ಸಿನ ನೆಮ್ಮದಿ ಹೆಚ್ಚಿತ್ತು, ಏದುಸಿರಿನ ಕಷ್ಟವೂ ಕೆಲವು ಬಗೆಯಲ್ಲಿ ತಗ್ಗಿತ್ತು. ಕೆಟ್ಟ ಉಸಿರನ್ನು ಸರಿಪಡಿಸಲು ಆ ವೈದ್ಯರು ಹಾಡಿನ ಮೊರೆಹೊಕ್ಕರು. ನಾವು ಚೆನ್ನಾಗಿರುವ ಹಾಡನ್ನು ನಿಲ್ಲಿಸಿ ಉಸಿರಿನ ಮೊರೆಹೊಕ್ಕಿದ್ದೇವೆ. ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಕೂತು, ಕಲ್ಲಿನ ಸುತ್ತಿಗೆ ಸರಿಯಾಗಿ ಉಸಿರೆಳೆದು ಬಿಟ್ಟು, ಗಂಟೆಗಟ್ಟಲೆ ಪದ ಹಾಡುತ್ತಿದ್ದರು. ಯಾರ ಬಳಿಯೂ ಸ್ಟಾಪ್‌ವಾಚ್ ಇರಲಿಲ್ಲ; ಹಿಟ್ಟು ಮಾತ್ರ ಬೀಳುತ್ತಿತ್ತು.

ಇದನ್ನೆಲ್ಲ ಮೊನ್ನೆ ಭಾನುವಾರ ಎದುರು ಮನೆಯವರಿಗೆ ವಿವರವಾಗಿ ಹೇಳಿದೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕುಮಾರ ಗಂಧರ್ವರ ಮಾತು ಬಂದಾಗ ಒಳಗೆ ಬಂದು, “ಒಂದೇ ಲಂಗ್ಸಾ ಅಂಕಲ್?” ಎಂದು ಕೇಳಿ ಮತ್ತೆ ಹೋದಳು. ಅವಳ ತಂದೆ ಸ್ವಲ್ಪ ಹೊತ್ತು ಯೋಚಿಸಿ, “ನೀವು ಹೇಳುವುದು ಸರಿಯಿರಬಹುದು ಸಾರ್. ಆದರೆ ಮುಂದಿನ ಶಿಬಿರಕ್ಕೂ ಈಗಲೇ ದುಡ್ಡು ಕಟ್ಟಿಬಿಟ್ಟಿದ್ದೇನೆ. ಅವರು ವಾಪಸು ಕೊಡುತ್ತಾರೆಯೇ?” ಎಂದರು. ಅದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ. ಶಿಬಿರದವರು ಈ ಪುಟವನ್ನು ಓದುತ್ತಾರೆಂದು ಬಲ್ಲೆ, ಅವರೇ ಹೇಳಲಿ.